ಹೊಟ್ಟೆಯಲ್ಲಿದ್ದಾಗ ಕೆಲಸ ಮಾಡಿದ ಜೀನ್ ಈಗ ಎಲ್ಲಿ ಹೋಯಿತು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಮಗಳಿಗೆ ಏಳು ವರ್ಷ, ಬೀಟಾ ಥಲಸ್ಸೇಮಿಯಾ ಮೇಜರ್. ಅಪ್ಪ ಅಮ್ಮನಿಂದ ಬರುವ, ಹಿಮೋಗ್ಲೋಬಿನ್ ಸರಿಯಾಗಿ ಆಗದ ರಕ್ತದ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತೇವೆ. ಮೈಯಲ್ಲಿ ಸೇರುವ ಕಬ್ಬಿಣ ಇಳಿಸೋಕೆ ದಿನಾ ಮಾತ್ರೆ.

ಹುಟ್ಟಿದಾಗ ಕೆಂಪಗೆ, ದುಂಡಗೆ ಇದ್ದಳು. ಏಳನೇ ತಿಂಗಳಿಂದ ಬಿಳಿಚಿಕೊಳ್ಳೋಕೆ ಶುರುವಾಯಿತು. ಹಾಲು ಕುಡಿಯುತ್ತಾ ಕುಡಿಯುತ್ತಾ ಸುಸ್ತಾಗಿ ಮಲಗಿಬಿಡುತ್ತಿದ್ದಳು. ಮೊದಲು ತೋರಿಸಿದ ಒಂದು ಕ್ಲಿನಿಕ್‌ನಲ್ಲಿ ರಕ್ತ ಕಡಿಮೆ ಅಂತ ಐದು ತಿಂಗಳು ಕಬ್ಬಿಣದ ಟಾನಿಕ್ ಕೊಟ್ಟರು. ಹೊಟ್ಟೆ ಊದಿಕೊಂಡ ಮೇಲೆ ದೊಡ್ಡ ಆಸ್ಪತ್ರೆಗೆ ಓಡಿದೆವು. ಅಲ್ಲಿ ಗೊತ್ತಾಯಿತು.

ಹೋದ ಶನಿವಾರ ರಕ್ತ ಹತ್ತುತ್ತಿರುವಾಗ ಡಾಕ್ಟರ್ ಒಂದು ಮಾತು ಹೇಳಿದರು. "ಹೊಟ್ಟೆಯಲ್ಲಿದ್ದಾಗ ಬೇರೆ ಜೀನ್ ಕೆಲಸ ಮಾಡುತ್ತಿತ್ತಮ್ಮ. ಹುಟ್ಟಿದ ಮೇಲೆ ಅದು ಮಲಗಿಬಿಡುತ್ತೆ, ಇನ್ನೊಂದು ಏಳಬೇಕು. ಇವಳಲ್ಲಿ ಆ ಇನ್ನೊಂದು ಕೆಟ್ಟಿದೆ." ಮಗಳು ಕೇಳಿಸಿಕೊಂಡು, "ಅಮ್ಮಾ, ಮಲಗಿರೋದನ್ನ ಎಬ್ಬಿಸೋಕೆ ಆಗಲ್ವಾ?" ಅಂದಳು. ಡಾಕ್ಟರ್ ಅವಳ ಕೆನ್ನೆ ತಟ್ಟಿ ಮುಂದಿನ ಹಾಸಿಗೆಗೆ ಹೋದರು. ಅವರಿಗೂ ಪುರುಸೊತ್ತಿಲ್ಲ, ಆ ದಿನ ಹದಿನಾಲ್ಕು ಮಕ್ಕಳಿದ್ದರು.

ನನಗೆ ಆ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಆ ಜೀನ್ ಈಗ ಎಲ್ಲಿದೆ? ರಿಪೋರ್ಟ್‌ನಲ್ಲಿ "ಐವಿಎಸ್ 1-5, ಜಿ ಇಂದ ಸಿ, ಹೋಮೋಜೈಗಸ್" ಅಂತ ಬರೆದಿದೆ. ಅಂದರೇನು? ನಾನು ಬಿ.ಎ. ಓದಿದವಳು. ಬಿಡಿಸಿ ಹೇಳಿದರೆ ಅರ್ಥ ಮಾಡಿಕೊಳ್ಳುತ್ತೇನೆ.

ಲ್ಯಾಬ್‌ಬೆಂಚು

ಅಕ್ಕ, ನಿಮ್ಮ ಮಗಳ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪ್ರಪಂಚದ ದೊಡ್ಡ ದೊಡ್ಡ ಲ್ಯಾಬ್‌ಗಳು ಎಷ್ಟೋ ವರ್ಷ ಕೇಳಿಕೊಂಡ ಪ್ರಶ್ನೆ ಅದೇ. ಉತ್ತರ "ಆಗುತ್ತೆ ಪುಟ್ಟಿ". ಆದರೆ ಆ "ಆಗುತ್ತೆ"ಯ ಹಿಂದೆ ದೊಡ್ಡ ಕಥೆ ಇದೆ. ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ರಕ್ತದ ಕೋಶಗಳನ್ನು ಬೆಳೆಸುವ ಕೆಲಸ ನನ್ನದು. ಔಷಧಿ ವಿಷಯಕ್ಕೆ ನಿಮ್ಮ ಡಾಕ್ಟರ್ ಮಾತೇ ಮುಖ್ಯ.

ಕೆಂಪು ಕೋಶದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ನಾಲ್ಕು ಎಳೆ ಸೇರಿ ಆಗುವ ಗಂಟು. ನಮ್ಮಂಥ ದೊಡ್ಡವರಲ್ಲಿ ಎರಡು ಆಲ್ಫಾ, ಎರಡು ಬೀಟಾ. ಹೊಟ್ಟೆಯಲ್ಲಿರುವ ಮಗುವಿನಲ್ಲಿ ಬೀಟಾ ಜಾಗದಲ್ಲಿ ಗಾಮಾ ಇರುತ್ತದೆ. ಗಾಮಾ ಇರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ತಾಯಿಯ ರಕ್ತದಿಂದ ಎಳೆದುಕೊಳ್ಳಬೇಕಲ್ಲ, ಅದಕ್ಕೆ.

ಈ ಜೀನ್‌ಗಳು 11ನೇ ಕ್ರೋಮೋಸೋಮ್ ಮೇಲೆ ಒಂದೇ ಸಾಲಿನಲ್ಲಿ ಕೂತಿವೆ. ಮೊದಲು ಎಪ್ಸಿಲಾನ್, ಆಮೇಲೆ ಎರಡು ಗಾಮಾ, ಆಮೇಲೆ ಡೆಲ್ಟಾ, ಕೊನೆಗೆ ಬೀಟಾ. ನನಗೆ ಮೊದಲ ಸಲ ಓದಿದಾಗ ಮೈ ಜುಮ್ ಅಂದದ್ದು ಇಲ್ಲಿ. ಅವು ಕೂತಿರುವ ಕ್ರಮದಲ್ಲೇ ಜೀವನದಲ್ಲಿ ಏಳುತ್ತವೆ. ಗರ್ಭ ನಿಂತ ಮೊದಲ ಕೆಲವು ವಾರ ಎಪ್ಸಿಲಾನ್, ಆಮೇಲೆ ಹುಟ್ಟುವವರೆಗೆ ಗಾಮಾ, ಹುಟ್ಟಿದ ಮೇಲೆ ಬೀಟಾ. ಡೆಲ್ಟಾ ಮಾಡುವುದು ಸ್ವಲ್ಪವೇ. ನಿಮ್ಮ ಮತ್ತು ನಿಮ್ಮ ಯಜಮಾನರ ರಿಪೋರ್ಟ್‌ನಲ್ಲಿ ಎಚ್‌ಬಿಎ2 ಅಂತ ಇರುತ್ತಲ್ಲ, ಅದು ಆಲ್ಫಾ ಮತ್ತು ಡೆಲ್ಟಾ ಸೇರಿ ಆದದ್ದು.

ಈಗ ಏಳನೇ ತಿಂಗಳಿಂದ ಬಿಳಿಚಿಕೊಂಡ ವಿಷಯ. ಹುಟ್ಟಿದ ಮಗುವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಮಾ ಹಿಮೋಗ್ಲೋಬಿನ್ನೇ. ಆರು ತಿಂಗಳಾಗುವಷ್ಟರಲ್ಲಿ ಅದು ಬಹಳ ಇಳಿದಿರುತ್ತದೆ. ಬೀಟಾ ಚೆನ್ನಾಗಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ನಿಮ್ಮ ಮಗಳಲ್ಲಿ ಗಾಮಾ ಇಳಿಯಿತು, ಬೀಟಾ ಏರಲಿಲ್ಲ. ಜೊತೆ ಸಿಗದ ಆಲ್ಫಾ ಎಳೆಗಳು ಒಳಗೇ ಗಟ್ಟಿಯಾಗಿ, ಕೆಂಪು ಕೋಶಗಳನ್ನು ಮಜ್ಜೆಯಲ್ಲೇ ಸಾಯಿಸಿದವು. ನೀವು ಕಂಡ ಬಿಳಿಚಿಕೆ ಅದು. ಟಾನಿಕ್‌ನಿಂದ ಸರಿಹೋಗುವಂಥದ್ದಲ್ಲ.

ಗಾಮಾ ಎಲ್ಲೂ ಹೋಗಿಲ್ಲ ಅಕ್ಕ. ನಿಮ್ಮ ಮಗಳ ಮೂಳೆಮಜ್ಜೆಯ ಒಂದೊಂದು ಕೋಶದಲ್ಲೂ ಕೂತಿದೆ. ಹೊಟ್ಟೆಯಲ್ಲಿದ್ದಾಗ ಹೇಗಿತ್ತೋ ಹಾಗೇ.

ಇನ್ನು ಐವಿಎಸ್. ಬೀಟಾ ಜೀನ್‌ನಲ್ಲಿ ಬೇಕಾದ ತುಂಡು ಮೂರು, ನಡುವೆ ಬೇಡದ ತುಂಡು ಎರಡು. ಕೋಶ ಮೊದಲು ಇಡೀ ಜೀನ್‌ಗೆ ಆರ್‌ಎನ್‌ಎ ಪ್ರತಿ ತೆಗೆಯುತ್ತದೆ, ಆಮೇಲೆ ಬೇಡದ್ದನ್ನು ಕತ್ತರಿಸಿ ಬೇಕಾದ್ದನ್ನು ಹೊಲಿಯುತ್ತದೆ. ಎಲ್ಲಿ ಕತ್ತರಿ ಹಾಕಬೇಕು ಅನ್ನುವುದಕ್ಕೆ ಗುರುತು ಇರುತ್ತದೆ, ಟೈಲರ್ ಬಟ್ಟೆ ಮೇಲೆ ಚಾಕ್‌ನಲ್ಲಿ ಗೆರೆ ಹಾಕಿದಂತೆ. ಐವಿಎಸ್ 1-5 ಅಂದರೆ ಮೊದಲನೇ ಬೇಡದ ತುಂಡಿನ ಐದನೇ ಅಕ್ಷರ. ಡಿಎನ್‌ಎ ಅನ್ನುವುದು ಎ, ಟಿ, ಜಿ, ಸಿ ಅನ್ನುವ ನಾಲ್ಕೇ ಅಕ್ಷರಗಳ ಬರಹ. ಅಲ್ಲಿ ಜಿ ಇರಬೇಕಿತ್ತು, ಸಿ ಬಂದಿದೆ. ಗೆರೆ ಅಳಿಸಿದಂತಾಗಿ ಕತ್ತರಿ ಬೇರೆ ಕಡೆ ಬೀಳುತ್ತದೆ. ಸರಿಯಾದ ಪ್ರತಿ ಸಿಗುವುದು ತೀರಾ ಕಡಿಮೆ. ಭಾರತದಲ್ಲಿ ಬೀಟಾ ಥಲಸ್ಸೇಮಿಯಾಕ್ಕೆ ಅತಿ ಹೆಚ್ಚಾಗಿ ಕಾಣುವ ಬದಲಾವಣೆ ಇದೇ. ಹೋಮೋಜೈಗಸ್ ಅಂದರೆ ಅಪ್ಪನಿಂದ ಬಂದ ಪ್ರತಿಯಲ್ಲೂ ಅಮ್ಮನಿಂದ ಬಂದ ಪ್ರತಿಯಲ್ಲೂ ಅದೇ ತಪ್ಪು.

ಯಾರು ಮಲಗಿಸುತ್ತಾರೆ, ಹೇಗೆ ಎಬ್ಬಿಸುವುದು ಅನ್ನುವುದನ್ನ ರಾತ್ರಿ ಕೂತು ಬರೆಯುತ್ತೇನೆ. ಈಗ ಕೋಶಗಳಿಗೆ ಊಟ ಬದಲಿಸುವ ಹೊತ್ತು.

ಧಾರವಾಡದ ಮೇಷ್ಟ್ರು

ತಂಗಿ, ಲ್ಯಾಬ್‌ಬೆಂಚು ಅವರು ಚಲೋ ಬಿಡಿಸಿ ಹೇಳಿದ್ದಾರೆ. ನಾನು ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿದವನು. "11ನೇ ಕ್ರೋಮೋಸೋಮ್ ಮೇಲೆ ಕೂತಿವೆ" ಅಂತ ಸಲೀಸಾಗಿ ಬರೆದುಬಿಟ್ಟರಲ್ಲ, ಹಾಗೆ ಜೀನ್‌ಗಳ ಜಾಗಕ್ಕೆ ನಕ್ಷೆ ಬರೆಯೋಕೆ ಕಲಿತದ್ದು ಹೇಗೆ ಅನ್ನುವುದನ್ನ ಸೇರಿಸುತ್ತೇನೆ.

ಎರಡು ಮಾರು ಹೂವಿನ ದಂಡೆ ತಗೊಳ್ಳಿ. ಒಂದು ಮಲ್ಲಿಗೆ, ಒಂದು ಕನಕಾಂಬರ. ಅಕ್ಕಪಕ್ಕ ಹಿಡಿದು, ಕಣ್ಣು ಮುಚ್ಚಿ ಒಂದು ಕಡೆ ಎರಡನ್ನೂ ಕತ್ತರಿಸಿ, ತುದಿಗಳನ್ನು ಅದಲುಬದಲು ಮಾಡಿ ಕಟ್ಟಿ. ಅಪ್ಪ ಅಮ್ಮನಿಂದ ಬಂದ ಕ್ರೋಮೋಸೋಮ್ ಜೋಡಿ ನಮ್ಮಲ್ಲಿ ವೀರ್ಯಾಣು, ಅಂಡ ಆಗುವಾಗ ಮಾಡುವುದು ಇದನ್ನೇ. ಪಕ್ಕಪಕ್ಕದ ಎರಡು ಹೂವಿನ ನಡುವೆ ಕತ್ತರಿ ಬೀಳುವುದು ಅಪರೂಪ. ಈ ತುದಿ ಆ ತುದಿಯ ಹೂವುಗಳು ಬೇರೆಯಾಗುವುದು ಸಾಮಾನ್ಯ. ಹಾಗಾದರೆ ಎರಡು ಗುಣಗಳು ಎಷ್ಟು ಸಲ ಬೇರೆಯಾದವು ಅಂತ ಎಣಿಸಿದರೆ ಅವುಗಳ ನಡುವಿನ ದೂರ ಸಿಕ್ಕಿತಲ್ಲ!

ಇದನ್ನ ಹೊಳೆಸಿಕೊಂಡವನು ಆಲ್ಫ್ರೆಡ್ ಸ್ಟರ್ಟೆವಂಟ್. ಆಗ ಇನ್ನೂ ಡಿಗ್ರಿ ಓದುತ್ತಿದ್ದ ಹುಡುಗ. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಹತ್ತಿರ ಹಣ್ಣಿನ ನೊಣ ಸಾಕುವ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ. 1911ರಲ್ಲಿ ಒಂದು ರಾತ್ರಿ ಕಾಲೇಜಿನ ಹೋಂವರ್ಕ್ ಬದಿಗಿಟ್ಟು, ನೊಣಗಳ ಲೆಕ್ಕ ಹಿಡಿದು ಕೂತ. ಬೆಳಗಾಗುವಷ್ಟರಲ್ಲಿ ಪ್ರಪಂಚದ ಮೊದಲ ಜೀನ್ ನಕ್ಷೆ ಎದ್ದಿತ್ತು. 1913ರಲ್ಲಿ ಅಚ್ಚಾಯಿತು. ಆ ದೂರದ ಅಳತೆಗೆ ಇವತ್ತಿಗೂ ಗುರುವಿನ ಹೆಸರೇ, ಸೆಂಟಿಮಾರ್ಗನ್. ಡಿಎನ್‌ಎ ಹೇಗಿದೆ ಅಂತ ಯಾರಿಗೂ ಗೊತ್ತಿಲ್ಲದ ಕಾಲ ಅದು. ಕಣ್ಣಿಗೆ ಕಾಣದ ಊರಿಗೆ ಬರೀ ಎಣಿಕೆಯಿಂದ ನಕ್ಷೆ ಬರೆದರು. ಇದನ್ನ ಪ್ರತಿ ವರ್ಷ ಪಾಠ ಮಾಡಿದ್ದೇನೆ, ಒಂದು ವರ್ಷವೂ ಬೇಸರ ಬಂದಿಲ್ಲ.

ಪಿಯುಸಿ_ಅನು

ಸರ್, ನೊಣ ಆದರೆ ಎರಡು ವಾರಕ್ಕೆ ಒಂದು ತಲೆಮಾರು. ನೂರಾರು ಮರಿ. ಮನುಷ್ಯರಲ್ಲಿ ಹಾಗೆ ಎಣಿಸೋಕೆ ಆಗಲ್ಲ ಅಲ್ವಾ? ನಮ್ಮ ಟೆಕ್ಸ್ಟ್‌ಬುಕ್‌ನಲ್ಲಿ ನೊಣ ಮುಗಿದ ತಕ್ಷಣ ಹ್ಯೂಮನ್ ಜೀನೋಮ್ ಪ್ರಾಜೆಕ್ಟ್ ಬರುತ್ತೆ. ನಡುವೆ ಏನಾಯ್ತು?

ಧಾರವಾಡದ ಮೇಷ್ಟ್ರು

ಅನು, ಭೇಷ್. ಈ ಪ್ರಶ್ನೆ ಕೇಳುವವರು ಕಡಿಮೆ.

ಮನುಷ್ಯರಲ್ಲಿ ಬೇಕಾದ್ದು ದೊಡ್ಡ ಕುಟುಂಬ ಮತ್ತು ಡಿಎನ್‌ಎ ಮೇಲಿನ ಗುರುತುಗಳು. ಗುರುತು ಅಂದರೆ ರೋಗವನ್ನೇ ತರಬೇಕಿಲ್ಲ. ಊರಿಗೆ ಹೋಗುವಾಗ "ಆಲದಮರದ ಪಕ್ಕದ ಮನೆ" ಅನ್ನುತ್ತೇವಲ್ಲ, ಆಲದಮರ ಮನೆಯೇನೂ ಅಲ್ಲ, ಆದರೆ ಅದು ಸಿಕ್ಕಿದರೆ ಮನೆ ಸಿಗುತ್ತದೆ. ಅಂಥ ಆಲದಮರ ಮೊದಲು ಸಿಕ್ಕಿದ್ದು ಇದೇ ಬೀಟಾ ಗ್ಲೋಬಿನ್ ಪಕ್ಕದಲ್ಲಿ. 1978ರಲ್ಲಿ ಸ್ಯಾನ್‌ ಫ್ರಾನ್ಸಿಸ್ಕೋದಲ್ಲಿ ಯುಯೆಟ್ ವಾಯ್ ಕಾನ್ ಮತ್ತು ಆಂಡ್ರೇ ಡೋಜಿ ಡಿಎನ್‌ಎಯನ್ನು ಒಂದು ಕತ್ತರಿ ಕಿಣ್ವದಿಂದ ತುಂಡು ಮಾಡಿದರು. ಸಾಮಾನ್ಯ ಬೀಟಾ ಜೀನ್ ಇರುವ ತುಂಡು ಹೆಚ್ಚಾಗಿ 7,600 ಅಕ್ಷರ ಉದ್ದ ಬಂತು. ಅವರು ಪರೀಕ್ಷಿಸಿದ ಜನರಲ್ಲಿ ಸಿಕಲ್ ಸೆಲ್ (ಬೀಟಾ ಕೆಟ್ಟು ಕೆಂಪು ಕೋಶ ಕುಡುಗೋಲಿನಂತೆ ಬಾಗುವ ರೋಗ) ಜೀನ್ ಇರುವ ತುಂಡು ಬಹಳಷ್ಟು ಸಲ 13,000 ಅಕ್ಷರ. ಕತ್ತರಿ ಬೀಳುವ ಜಾಗ ಜೀನ್‌ನ ಹೊರಗಿತ್ತು, ಆದರೆ ಹತ್ತಿರದಲ್ಲಿತ್ತು. ಹಾಗಾಗಿ ಜೊತೆಜೊತೆಗೇ ಮಕ್ಕಳಿಗೆ ಬರುತ್ತಿತ್ತು. ಅದನ್ನ ಹಿಡಿದು ಗರ್ಭದಲ್ಲಿರುವ ಮಗುವಿಗೆ ರೋಗ ಇದೆಯೋ ಇಲ್ಲವೋ ಅಂತ ಹೇಳಿದರು.

ಅದೇ ದಾರಿಯಲ್ಲಿ 1983ರಲ್ಲಿ ಹಂಟಿಂಗ್ಟನ್ ಅನ್ನುವ ಮಿದುಳಿನ ರೋಗದ ಜೀನ್ 4ನೇ ಕ್ರೋಮೋಸೋಮ್ ಮೇಲಿದೆ ಅಂತ ಸಿಕ್ಕಿತು. ಬೀದಿ ಸಿಕ್ಕಿದ ಮೇಲೂ ಮನೆಬಾಗಿಲು ತಟ್ಟೋಕೆ ಹತ್ತು ವರ್ಷ ಬೇಕಾಯಿತು. ಜೀನ್ ಕೈಗೆ ಬಂದದ್ದು 1993ರಲ್ಲಿ.

ಹಳ್ಳಿಹೈದ77

ಅಕ್ಕ, ಇವೆಲ್ಲ ದೊಡ್ಡ ಮಾತು. ನಮ್ಮ ಕಡೆ ಒಬ್ಬರು ಗೋಧಿಹುಲ್ಲಿನ ರಸ, ಬೀಟ್‌ರೂಟು, ದಾಳಿಂಬೆ ದಿನಾ ಕೊಟ್ಟು ರಕ್ತ ಏರಿಸಿಕೊಂಡಿದ್ದಾರೆ. ಒಂದು ಎರಡು ತಿಂಗಳು ರಕ್ತ ಹಾಕಿಸೋದು ನಿಲ್ಲಿಸಿ ಇದನ್ನ ಕೊಟ್ಟು ನೋಡಿ. ಮಗುವಿನ ಕಷ್ಟ ನೋಡೋಕಾಗದೆ ಹೇಳ್ತಿದ್ದೀನಿ.

ರಕ್ತನಿಧಿ_ಟೆಕ್ನಿಷಿಯನ್

ಹಳ್ಳಿಹೈದ ಅಣ್ಣ, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ದಯವಿಟ್ಟು ಯಾರಿಗೂ ರಕ್ತ ನಿಲ್ಲಿಸಿ ಅಂತ ಹೇಳಬೇಡಿ. ಊಟದಿಂದ ರಕ್ತ ಏರುವುದು ಕಬ್ಬಿಣದ ಕೊರತೆಯಿಂದ ಕಡಿಮೆಯಾಗಿದ್ದಾಗ. ಈ ಮಗುವಿಗೆ ಕಬ್ಬಿಣ ಕೊರತೆ ಇಲ್ಲ, ಮೈತುಂಬ ಜಾಸ್ತಿ ಇದೆ. ಹಾಕಿದ ಒಂದೊಂದು ಬ್ಯಾಗ್ ರಕ್ತದಲ್ಲೂ ಸುಮಾರು 200 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅದು ಹೊರಗೆ ಹೋಗೋಕೆ ದಾರಿ ಇಲ್ಲದೆ ಲಿವರ್, ಹೃದಯದಲ್ಲಿ ಕೂರುತ್ತದೆ. ಅದನ್ನ ಇಳಿಸೋಕೇ ಅಕ್ಕ ದಿನಾ ಮಾತ್ರೆ ಕೊಡುತ್ತಿರುವುದು. ರಕ್ತ ನಿಲ್ಲಿಸಿದರೆ ಹೃದಯಕ್ಕೆ ಭಾರ ಬೀಳುತ್ತದೆ, ಮಜ್ಜೆ ಉಬ್ಬಿ ಮುಖದ ಮೂಳೆ ಬದಲಾಗುತ್ತದೆ. ಹಾಗೆ ಎರಡು ತಿಂಗಳು ನಿಲ್ಲಿಸಿ ಬಂದ ಒಂದು ಮಗುವನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅಪ್ಪ ಹೆಗಲ ಮೇಲೆ ಹೊತ್ತು ತಂದಿದ್ದರು, ಮಗುವಿಗೆ ಕೂರುವ ಶಕ್ತಿಯೂ ಇರಲಿಲ್ಲ.

ಹಳ್ಳಿಹೈದ77

ಗೊತ್ತಿರಲಿಲ್ಲ ಅಣ್ಣ. ತಪ್ಪಾಯ್ತು ಅಕ್ಕ, ಆ ಮಾತು ಬಿಟ್ಟುಬಿಡಿ. ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು ಸೋದರ ಸಂಬಂಧದಲ್ಲಿ ಮದುವೆ ಆಗೋದರಿಂದ ಬರುತ್ತಾ? ನನ್ನ ಹೆಂಡತಿ ನನ್ನ ಅಕ್ಕನ ಮಗಳು.

ತುಂಗಾತೀರ

ಬೇಜಾರಿಲ್ಲ. ನಮ್ಮದೂ ಅದೇ. ನನ್ನ ಯಜಮಾನರು ನನ್ನ ಸೋದರಮಾವನ ಮಗ. ಅತ್ತೆ ಮೊದಮೊದಲು "ನಮ್ಮ ಕಡೆ ಯಾರಿಗೂ ಇಲ್ಲ, ನಿನ್ನಿಂದಲೇ ಬಂತು" ಅಂತಿದ್ದರು. ಎರಡು ವರ್ಷ ಅದನ್ನ ನಂಬಿಕೊಂಡು ಒಬ್ಬಳೇ ಅತ್ತಿದ್ದೇನೆ.

ಲ್ಯಾಬ್‌ಬೆಂಚು

ಅಕ್ಕ, ಇದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಉಳಿದದ್ದು ಆಮೇಲೆ. ನಿಮ್ಮ ಮಗಳ ರಿಪೋರ್ಟ್ ಹೋಮೋಜೈಗಸ್ ಅಂತಿದೆ. ಅಂದರೆ ಒಂದು ಪ್ರತಿ ನಿಮ್ಮಿಂದ, ಒಂದು ಪ್ರತಿ ನಿಮ್ಮ ಯಜಮಾನರಿಂದ. ಸರಿಸಮ ಅರ್ಧರ್ಧ. ಆ ಒಂದು ಶಬ್ದವೇ ಸಾಕ್ಷಿ. ಒಬ್ಬರಿಂದ ಮಾತ್ರ ಬಂದಿದ್ದರೆ ನಿಮ್ಮ ಮಗಳೂ ನಿಮ್ಮಂತೆಯೇ ಏನೂ ಗೊತ್ತಾಗದೆ ಓಡಾಡಿಕೊಂಡಿರುತ್ತಿದ್ದಳು.

ಸಂಬಂಧದಲ್ಲಿ ಮದುವೆಯಾದರೆ ರೋಗ ಹೊಸದಾಗಿ ಹುಟ್ಟುವುದಿಲ್ಲ. ತಾತನಲ್ಲೋ ಅಜ್ಜಿಯಲ್ಲೋ ಇದ್ದ ಒಂದೇ ತಪ್ಪು ಪ್ರತಿ ಎರಡು ಕವಲಿನಲ್ಲಿ ಇಳಿದು, ಒಂದು ಮಗುವಿನಲ್ಲಿ ಮತ್ತೆ ಸೇರುವ ಸಾಧ್ಯತೆ ಜಾಸ್ತಿಯಾಗುತ್ತದೆ, ಅಷ್ಟೇ. ಸಂಬಂಧವೇ ಇಲ್ಲದ, ಒಂದೊಂದು ತಪ್ಪು ಪ್ರತಿ ಹೊತ್ತ ಇಬ್ಬರು ಕ್ಯಾರಿಯರ್‌ಗಳು ಮದುವೆಯಾದರೂ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇದ್ದೇ ಇದೆ. ಹಳ್ಳಿಹೈದ ಅವರೇ, ನೀವಿಬ್ಬರೂ ಎಚ್‌ಬಿಎ2 ಪರೀಕ್ಷೆ ಒಂದನ್ನ ಮಾಡಿಸಿ. ಸಾಮಾನ್ಯವಾಗಿ ನೂರಕ್ಕೆ 3.5ಕ್ಕಿಂತ ಮೇಲಿದ್ದರೆ ಕ್ಯಾರಿಯರ್ ಇರಬಹುದು ಅಂತ ಮುಂದೆ ನೋಡುತ್ತಾರೆ. ಇಬ್ಬರೂ ಕ್ಯಾರಿಯರ್ ಆಗಿದ್ದರೆ ಬಸಿರಿನ 10ರಿಂದ 12ನೇ ವಾರದೊಳಗೆ ಮಾಸಿನ ಸಣ್ಣ ಚೂರು ತೆಗೆದು ಮಗುವಿನ ಜೀನ್ ನೋಡುತ್ತಾರೆ.

ಈಗ ಮಲಗಿಸುವವರ ಕಥೆ.

ಎಬ್ಬಿಸಬಹುದು ಅನ್ನುವ ಆಸೆ ಹುಟ್ಟಿದ್ದೇ ಜನರನ್ನ ನೋಡಿ. 1948ರಲ್ಲಿ ನ್ಯೂಯಾರ್ಕ್‌ನ ಮಕ್ಕಳ ವೈದ್ಯೆ ಜ್ಯಾನೆಟ್ ವಾಟ್ಸನ್, ಸಿಕಲ್ ಸೆಲ್ ಇರುವ ಕೂಸುಗಳಿಗೆ ಹುಟ್ಟಿದ ಹೊಸದರಲ್ಲಿ ತೊಂದರೆ ಕಾಣುವುದಿಲ್ಲ ಅಂತ ಗಮನಿಸಿದರು. ಗರ್ಭದ ಹಿಮೋಗ್ಲೋಬಿನ್ ಕಾಯುತ್ತಿರಬೇಕು ಅಂತ ಊಹಿಸಿದರು. ಆಮೇಲೆ ಇನ್ನೊಂದು ಬಗೆಯ ಜನ ಸಿಕ್ಕಿದರು. ಅವರಲ್ಲಿ ಗಾಮಾ ಮಲಗುವುದೇ ಇಲ್ಲ. ದೊಡ್ಡವರಾಗಿ, ಮದುವೆಯಾಗಿ, ಮೊಮ್ಮಕ್ಕಳನ್ನ ಎತ್ತಿಕೊಂಡಿರುತ್ತಾರೆ. ರಕ್ತದಲ್ಲಿ ಮಾತ್ರ ಕೂಸಿನ ಹಿಮೋಗ್ಲೋಬಿನ್. ಏನೂ ತೊಂದರೆ ಇಲ್ಲ! ಗಾಮಾ ಎದ್ದಿದ್ದರೂ ಮನುಷ್ಯ ಚೆನ್ನಾಗೇ ಇರುತ್ತಾನೆ ಅಂತ ಪ್ರಕೃತಿಯೇ ತೋರಿಸಿಕೊಟ್ಟಂತೆ.

ಈ ಜೀನ್ ಸಾಲಿನ ಮೇಲ್ಗಡೆ ಒಂದು ಡಿಎನ್‌ಎ ಪಟ್ಟಿ ಇದೆ. ಲೋಕಸ್ ಕಂಟ್ರೋಲ್ ರೀಜನ್ ಅನ್ನುತ್ತಾರೆ. ಅದರಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಆದರೆ ಅದು ಹೋದರೆ, ಬೀಟಾ ಜೀನ್‌ನಲ್ಲಿ ಒಂದು ಅಕ್ಷರ ಕೆಡದಿದ್ದರೂ ಥಲಸ್ಸೇಮಿಯಾ ಬರುತ್ತದೆ. ಅಂಥ ಕುಟುಂಬಗಳೇ ಅದರ ಮಹತ್ವ ತಿಳಿಸಿದ್ದು. ಅಕ್ಕ, ನೀವು ಅಡಿಕೆ ಸೀಮೆಯವರು, ಹೀಗೆ ನೋಡಿ. ತೋಟದ ತಲೆಯಲ್ಲಿ ಒಂದೇ ಕೆರೆ. ಅದರಿಂದ ಬರುವ ಕಾಲುವೆಗೆ ಗಾಮಾ ಕಡೆ ಒಂದು ತೂಬು, ಬೀಟಾ ಕಡೆ ಒಂದು ತೂಬು. ಗಾಮಾ ತೂಬಿನಲ್ಲಿ ನೀರು ಹೋಗುತ್ತಿದ್ದರೆ ಬೀಟಾಕ್ಕೆ ಕಡಿಮೆ. ಗಾಮಾ ಮುಚ್ಚಿದರೆ ಎಲ್ಲ ಬೀಟಾಕ್ಕೆ. ನಿಜವಾಗಿ ಅಲ್ಲಿ ಆಗುವುದು, ಡಿಎನ್‌ಎ ದಾರ ಮಡಚಿಕೊಂಡು ಆ ಪಟ್ಟಿ ಬಂದು ಒಂದು ಜೀನ್‌ಗೆ ತಾಗುತ್ತದೆ. ತಾಗಿದ್ದು ಏಳುತ್ತದೆ.

ಹಾಗಾದರೆ ಗಾಮಾ ತೂಬು ಮುಚ್ಚುವವರು ಯಾರು? ಇಲ್ಲಿ ಮೇಷ್ಟ್ರ ನಕ್ಷೆ ಮತ್ತೆ ಬೇಕಾಯಿತು, ಬೇರೆ ರೀತಿಯಲ್ಲಿ. ನಮ್ಮೆಲ್ಲರಲ್ಲೂ ಗರ್ಭದ ಹಿಮೋಗ್ಲೋಬಿನ್ ಸ್ವಲ್ಪ ಉಳಿದಿರುತ್ತದೆ. ಕೆಲವರಲ್ಲಿ ಒಂಚೂರು ಹೆಚ್ಚು, ಕೆಲವರಲ್ಲಿ ಕಡಿಮೆ. ಹೆಚ್ಚಿರುವವರು ಮತ್ತು ಕಡಿಮೆ ಇರುವವರ ಜೀನೋಮ್‌ನಲ್ಲಿ ಲಕ್ಷಾಂತರ ಕಡೆ ಅಕ್ಷರಗಳನ್ನು ಹೋಲಿಸಿ, ಎಲ್ಲಿ ಕ್ರಮಬದ್ಧವಾಗಿ ವ್ಯತ್ಯಾಸ ಇದೆ ಅಂತ ಹುಡುಕಿದರು. ಲಂಡನ್‌ನ ತಂಡದ ಫಲಿತಾಂಶ 2007ರಲ್ಲಿ, ಇಟಲಿಯ ಸಾರ್ಡೀನಿಯಾ ದ್ವೀಪದ ಸಾವಿರಾರು ಜನರ ಮೇಲೆ ಮಾಡಿದ್ದು 2008ರಲ್ಲಿ ಬಂತು. ಗುರುತು ಬೆಳಗಿದ್ದು 11ರಲ್ಲಿ ಮಾತ್ರ ಅಲ್ಲ, 6ರಲ್ಲಿ, 2ರಲ್ಲಿ ಕೂಡ. 2ನೇ ಕ್ರೋಮೋಸೋಮ್‌ನ ಆ ಜಾಗದಲ್ಲಿದ್ದದ್ದು ಬಿಸಿಎಲ್11ಎ ಅನ್ನುವ ಜೀನ್. ಹೆಸರಿನಲ್ಲೇ ಬಿ ಕೋಶದ ಲಿಂಫೋಮಾ, ಅಂದರೆ ಬಿಳಿ ರಕ್ತಕೋಶದ ಒಂದು ಕ್ಯಾನ್ಸರ್ ಇದೆ. ಹಿಮೋಗ್ಲೋಬಿನ್ ಹುಡುಕಿಕೊಂಡು ಹೊರಟ ಯಾರೂ ಅಲ್ಲಿ ಬಾಗಿಲು ತಟ್ಟುತ್ತಿರಲಿಲ್ಲ. ನಕ್ಷೆ ಕೈಹಿಡಿದು ಕರೆದುಕೊಂಡು ಹೋಯಿತು.

2008ರ ಕೊನೆಗೆ ಬಾಸ್ಟನ್‌ನಲ್ಲಿ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ತಂಡ ಮನುಷ್ಯರ ಕೆಂಪು ಕೋಶ ಆಗುವ ಕೋಶಗಳಲ್ಲಿ ಬಿಸಿಎಲ್11ಎ ತಗ್ಗಿಸಿ ನೋಡಿತು. ಗಾಮಾ ಎದ್ದಿತು! 2011ರಲ್ಲಿ ಸಿಕಲ್ ಸೆಲ್ ಇರುವ ಇಲಿಗಳಲ್ಲಿ ಅದನ್ನ ತೆಗೆದಾಗ ರೋಗವೇ ಇಳಿಯಿತು. ಮಲಗಿಸುವವರು ಸಿಕ್ಕಿಬಿಟ್ಟರು.

ಆದರೆ ಬಿಸಿಎಲ್11ಎಯನ್ನು ಸುಮ್ನೆ ಕಿತ್ತುಹಾಕುವ ಹಾಗಿಲ್ಲ. ಮಿದುಳಿಗೆ ಬೇಕು, ಬಿ ಕೋಶಗಳಿಗೆ ಬೇಕು. 2013ರಲ್ಲಿ ಅದಕ್ಕೂ ದಾರಿ ಸಿಕ್ಕಿತು. ಜನರಲ್ಲಿ ಕಂಡ ಆ ಅಕ್ಷರ ವ್ಯತ್ಯಾಸಗಳು ಬಿಸಿಎಲ್11ಎಯ ಪ್ರೋಟೀನ್ ಬರೆಯುವ ಭಾಗದಲ್ಲಿ ಇರಲಿಲ್ಲ. ಒಳಗಿನ ಬೇಡದ ತುಂಡಿನಲ್ಲಿ, ಜೀನ್ ಕೆಲಸವನ್ನ ಏರಿಸುವ ಒಂದು ಎನ್‌ಹ್ಯಾನ್ಸರ್‌ನಲ್ಲಿ ಇದ್ದವು. ಆ ಎನ್‌ಹ್ಯಾನ್ಸರ್ ಕೆಲಸ ಮಾಡುವುದು ಕೆಂಪು ರಕ್ತಕೋಶದ ಸಂತತಿಯಲ್ಲಿ. ಮನೆಗೆಲ್ಲ ಬರುವ ಕರೆಂಟ್ ತೆಗೆಯದೆ ಒಂದು ಕೋಣೆಯ ಸ್ವಿಚ್ ಮಾತ್ರ ಆರಿಸಿದಂತೆ. ಕ್ರಿಸ್ಪರ್ ಅನ್ನುವ ಡಿಎನ್‌ಎ ಕತ್ತರಿ ಬಳಸಿ ಆ ಜಾಗದ ಉದ್ದಕ್ಕೂ ಒಂದೊಂದೇ ಕಡೆ ಕತ್ತರಿಸಿ ನೋಡಿ, ಎಲ್ಲಿ ಕತ್ತರಿಸಿದರೆ ಗಾಮಾ ಅತಿ ಹೆಚ್ಚು ಏಳುತ್ತದೆ ಅಂತ 2015ರಲ್ಲಿ ಕಂಡುಕೊಂಡರು. ಗಾಟಾ1 ಅನ್ನುವ ಪ್ರೋಟೀನ್ ಬಂದು ಕೂರುವ ಕೆಲವೇ ಅಕ್ಷರಗಳ ಜಾಗ ಅದು. 300 ಕೋಟಿ ಅಕ್ಷರಗಳಲ್ಲಿ ಅಷ್ಟೇ ಅಷ್ಟು.

ಪಿಯುಸಿ_ಅನು

ಮೇಡಂ, ನಾವು "ಜೀನ್ ಅಂದರೆ ಪ್ರೋಟೀನ್ ಮಾಡೋ ಡಿಎನ್‌ಎ" ಅಂತ ಬರೆದು ಎರಡು ಮಾರ್ಕ್ಸ್ ತಗೊಳ್ತೀವಿ. ನೀವು ಹೇಳಿದ ಕಥೆಯಲ್ಲಿ ಮುಖ್ಯವಾದದ್ದೆಲ್ಲ ಪ್ರೋಟೀನ್ ಮಾಡದ ಜಾಗದಲ್ಲೇ ಇದೆ. ಆಂಟಿಯ ಮಗಳ ತಪ್ಪು ಅಕ್ಷರ ಬೇಡದ ತುಂಡಿನಲ್ಲಿ, ಕೆರೆ ಹೊರಗೆ, ಸ್ವಿಚ್ ಕೂಡ ಬೇಡದ ತುಂಡಿನಲ್ಲಿ!

ಲ್ಯಾಬ್‌ಬೆಂಚು

ಹೌದು ಅನು. ನನಗೆ ಇದನ್ನ ಗಮನಿಸೋಕೆ ಎಂ.ಎಸ್ಸಿ.ವರೆಗೆ ಬೇಕಾಯಿತು. ನಮ್ಮ ಜೀನೋಮ್‌ನಲ್ಲಿ ಪ್ರೋಟೀನ್ ಬರೆಯುವ ಭಾಗ ನೂರಕ್ಕೆ ಎರಡರಷ್ಟೂ ಇಲ್ಲ.

ಕಾಡಂಚಿನ ಸಿಸ್ಟರ್

ನಾನು ಚಾಮರಾಜನಗರ ಜಿಲ್ಲೆಯಲ್ಲಿ ನರ್ಸ್. ನಮ್ಮ ಸೋಲಿಗ ಹಾಡಿಗಳಲ್ಲಿ ಸಿಕಲ್ ಸೆಲ್ ಪರೀಕ್ಷೆಗೆ ಹೋಗುತ್ತೇವೆ. ಅಲ್ಲಿ ತಪ್ಪು ಬೀಟಾದ ಒಂದೇ ಅಕ್ಷರದಲ್ಲಿ, ಎ ಇರಬೇಕಾದ ಕಡೆ ಟಿ. 1952ರಲ್ಲಿ ಪಕ್ಕದ ನೀಲಗಿರಿಯ ಬುಡಕಟ್ಟಿನವರಲ್ಲೇ ಭಾರತದಲ್ಲಿ ಇದನ್ನ ಮೊದಲು ಗುರುತಿಸಿದ್ದು ಅಂತ ತರಬೇತಿಯಲ್ಲಿ ಹೇಳಿದ್ದರು. 2023ರ ಜುಲೈ 1ರಂದು ಕೇಂದ್ರದ ಸಿಕಲ್ ಸೆಲ್ ಮಿಷನ್ ಶುರುವಾದ ಮೇಲೆ ಪರೀಕ್ಷೆ ಜಾಸ್ತಿಯಾಗಿದೆ.

ನನಗೊಂದು ಸಂಶಯ. ಒಂದೇ ರೋಗ, ಒಂದೇ ಅಕ್ಷರ. ಆದರೂ ಕೆಲವರು ನೋವಿನಿಂದ ತಿಂಗಳಿಗೊಮ್ಮೆ ಒದ್ದಾಡುತ್ತಾರೆ. ಕೆಲವರು ಕಾಡಿಗೆ ಹೋಗಿ ಜೇನು ತರುತ್ತಾರೆ. ಇದಕ್ಕೂ ಗಾಮಾಕ್ಕೂ ಸಂಬಂಧ ಇದೆಯಾ?

ಲ್ಯಾಬ್‌ಬೆಂಚು

ಇದೆ ಸಿಸ್ಟರ್. ಭಾರತದ ಬುಡಕಟ್ಟು ಜನರಲ್ಲಿ ಸಿಕಲ್ ಜೀನ್ ಹೆಚ್ಚಾಗಿ ಅರಬ್-ಇಂಡಿಯನ್ ಅನ್ನುವ ಹಿನ್ನೆಲೆಯ ಡಿಎನ್‌ಎ ಮೇಲೆ ಕೂತಿದೆ. ಅದರಲ್ಲಿ ಗಾಮಾ ಜೀನ್‌ನ ಮುಂಬಾಗಿಲಲ್ಲಿ ಒಂದು ಅಕ್ಷರ ಬದಲಾಗಿರುತ್ತದೆ. ಅಂಥವರಲ್ಲಿ ಗಾಮಾ ಪೂರ್ತಿ ಮಲಗುವುದಿಲ್ಲ, ರೋಗವೂ ಎಷ್ಟೋ ಜನರಲ್ಲಿ ಸೌಮ್ಯ. ಎಲ್ಲರಲ್ಲೂ ಅಲ್ಲ, ಹಾಗಾಗಿ ನೋವು ಹೇಳಿಕೊಂಡು ಬಂದವರನ್ನ ನಂಬಲೇಬೇಕು. ನೀವು ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಕೂಡ ಗಾಮಾವನ್ನು ಸ್ವಲ್ಪ ಎಬ್ಬಿಸುತ್ತದೆ. ಥಲಸ್ಸೇಮಿಯಾ ಮೇಜರ್‌ನಲ್ಲಿ ಮಾತ್ರ ಅದರಿಂದ ಅಷ್ಟು ಲಾಭ ಸಿಗುವುದಿಲ್ಲ.

ತುಂಗಾತೀರ

ಎಲ್ಲವನ್ನೂ ಎರಡು ಸಲ ಓದಿದೆ. ಕೆರೆ, ತೂಬು ಅಂದಿದ್ದು ಚೆನ್ನಾಗಿ ಅರ್ಥ ಆಯಿತು. ಯಜಮಾನರಿಗೆ ಓದಿ ಹೇಳಿದೆ, ಅತ್ತೆಯೂ ಪಕ್ಕದಲ್ಲೇ ಕೂತು ಕೇಳಿಸಿಕೊಂಡರು. ಅರ್ಧರ್ಧ ಅನ್ನುವ ಜಾಗ ಬಂದಾಗ ಎದ್ದು ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ನನಗೆ ಕಾಫಿ ಮಾಡಿಕೊಂಡು ಬಂದರು.

ಹಾಗಾದರೆ ಈ ಎಬ್ಬಿಸುವ ಔಷಧಿ ನಮಗೆ ಯಾವಾಗ?

ಲ್ಯಾಬ್‌ಬೆಂಚು

ನಿಜ ಹೇಳುತ್ತೇನೆ ಅಕ್ಕ. ಔಷಧಿ ಬಂದಿದೆ. ಕ್ಯಾಸ್‌ಗೆವಿ ಅಂತ ಹೆಸರು. 2023ರ ನವೆಂಬರ್‌ನಲ್ಲಿ ಬ್ರಿಟನ್ ಅನುಮತಿ ಕೊಟ್ಟಿತು, ಡಿಸೆಂಬರ್‌ನಲ್ಲಿ ಅಮೆರಿಕ ಸಿಕಲ್ ಸೆಲ್‌ಗೆ, 2024ರ ಜನವರಿಯಲ್ಲಿ ಥಲಸ್ಸೇಮಿಯಾಕ್ಕೆ. ಕಾಯಿಲೆಯವರ ಮಜ್ಜೆಯ ಮೂಲಕೋಶಗಳನ್ನ ಹೊರಗೆ ತೆಗೆದು, ಲ್ಯಾಬ್‌ನಲ್ಲಿ ಆ ಗಾಟಾ1 ಜಾಗಕ್ಕೆ ಕ್ರಿಸ್ಪರ್ ಕತ್ತರಿ ಹಾಕಿ ವಾಪಸ್ ಕೊಡುತ್ತಾರೆ. ಥಲಸ್ಸೇಮಿಯಾದ 35 ಜನರ ಒಂದು ಪರೀಕ್ಷೆಯಲ್ಲಿ 32 ಜನ ಕನಿಷ್ಠ ಒಂದು ವರ್ಷ ರಕ್ತವೇ ಹಾಕಿಸಿಕೊಳ್ಳಲಿಲ್ಲ.

ಆದರೆ ಕೋಶ ವಾಪಸ್ ಕೊಡುವ ಮುಂಚೆ ಹಳೇ ಮಜ್ಜೆಯನ್ನ ಬಲವಾದ ಕೀಮೋ ಕೊಟ್ಟು ಖಾಲಿ ಮಾಡಬೇಕು. ಅದು ಸಣ್ಣ ಕಷ್ಟವಲ್ಲ. ಮೊದಲು ಅನುಮತಿ ಸಿಕ್ಕಿದ್ದು 12 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ. ಅಮೆರಿಕದಲ್ಲಿ ಅನುಮತಿ ಸಿಕ್ಕಾಗ ಬೆಲೆ 22 ಲಕ್ಷ ಡಾಲರ್ ಇತ್ತು. ಇದನ್ನ ಬರೆಯುವಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಥಲಸ್ಸೇಮಿಯಾದ ಮಕ್ಕಳು ಅತಿ ಹೆಚ್ಚು ಹುಟ್ಟುವ ದೇಶಗಳಲ್ಲಿ ನಮ್ಮದೂ ಒಂದು, ವರ್ಷಕ್ಕೆ ಹತ್ತು ಸಾವಿರದಷ್ಟು ಅಂತ ಅಂದಾಜು. ಔಷಧಿ ಇರುವ ಕಡೆ ಮಕ್ಕಳಿಲ್ಲ, ಮಕ್ಕಳಿರುವ ಕಡೆ ಔಷಧಿ ಇಲ್ಲ. ದೆಹಲಿಯ ಐಜಿಐಬಿ ಸಂಶೋಧನಾ ಸಂಸ್ಥೆ, ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಇಂಥ ಕಡೆ ಕಡಿಮೆ ಖರ್ಚಿನ ದಾರಿಗೆ ಕೆಲಸ ನಡೆಯುತ್ತಿದೆ.

ನನ್ನ ಬೆಂಚಿನದು ಒಂದು ಹೇಳುತ್ತೇನೆ. ಮೂಲಕೋಶಗಳನ್ನ ಕೆಂಪು ಕೋಶ ಆಗಿ ಬೆಳೆಯೋಕೆ ಬಿಟ್ಟು, ಎರಡು ದಿನಕ್ಕೊಮ್ಮೆ ಟ್ಯೂಬಿನಲ್ಲಿ ಹಾಕಿ ತಿರುಗಿಸುತ್ತೇವೆ. ತಳದಲ್ಲಿ ಸಾಸಿವೆಯಷ್ಟು ಮುದ್ದೆ ಕೂರುತ್ತದೆ. ಮೊದಲ ವಾರ ಬೆಳ್ಳಗೆ. ಎರಡನೇ ವಾರ ನಸುಗೆಂಪು. ಆಮೇಲೆ ಒಂದು ದಿನ ಬೆಳಗ್ಗೆ ತೆಗೆದರೆ ಕುಂಕುಮದಂತೆ ಕೆಂಪು. ಬಣ್ಣ ನೋಡಿ ಯಾವ ಹಿಮೋಗ್ಲೋಬಿನ್ ಅಂತ ಹೇಳೋಕೆ ಆಗಲ್ಲ, ಹಿಮೋಗ್ಲೋಬಿನ್ ಬಗೆಗಳನ್ನ ಬೇರೆ ಮಾಡಿ ತೋರಿಸುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕಬೇಕು. ಗಾಮಾದ ಗೋಪುರ ಪರದೆಯ ಮೇಲೆ ನಿಧಾನಕ್ಕೆ ಏಳುವುದನ್ನ ನೋಡೋಕೆ ನಾನು ಊಟ ಬಿಟ್ಟು ಕೂರುತ್ತೇನೆ. ನಿಮ್ಮ ಮಗಳಿಗೆ ಒಂದು ಟ್ಯೂಬಿನ ಫೋಟೋ ಕಳಿಸುತ್ತೇನೆ.

ರಕ್ತನಿಧಿ_ಟೆಕ್ನಿಷಿಯನ್

ಅಕ್ಕ, ಅದು ಬರುವವರೆಗೆ ಕಾಯುತ್ತಾ ಕೂರಬೇಡಿ. ನಿಮಗೆ ಇನ್ನೊಂದು ಮಗು ಇದೆಯಾ? ಒಡಹುಟ್ಟಿದವರ, ಕಸಿಗೆ ಹೊಂದಿಕೆ ನೋಡುವ ಕೋಶದ ಗುರುತಾದ ಎಚ್‌ಎಲ್‌ಎ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದಿದರೆ ಮೂಳೆಮಜ್ಜೆ ಕಸಿ ಮಾಡಬಹುದು, ಚಿಕ್ಕ ವಯಸ್ಸಿನಲ್ಲಿ ಮಾಡಿದಷ್ಟೂ ಒಳ್ಳೆಯದು. ಕೊಡುವ ಮಗು ಕ್ಯಾರಿಯರ್ ಆಗಿದ್ದರೂ ಕೊಡಬಹುದು. ಖರ್ಚಿಗೆ ಕೋಲ್ ಇಂಡಿಯಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆ ಇದೆ, 10 ಲಕ್ಷದವರೆಗೆ ಕೊಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಥಲಸ್ಸೇಮಿಯಾ ಸೇರಿದೆ, ಆ ಸರ್ಟಿಫಿಕೇಟ್ ಮಾಡಿಸಿಕೊಂಡಿರದಿದ್ದರೆ ಮಾಡಿಸಿ.

ತುಂಗಾತೀರ

ಮಗ ಇದ್ದಾನೆ, ಮೂರು ವರ್ಷ. ಅವನ ಬಸಿರಿನಲ್ಲಿ ಹನ್ನೊಂದನೇ ವಾರ ಪರೀಕ್ಷೆ ಮಾಡಿಸಿದ್ದೆವು, ಮೈನರ್, ಅಂದರೆ ಕ್ಯಾರಿಯರ್, ಅಂತ ಬಂದಿತ್ತು. ಮೈನರ್ ಇರುವವನು ಕೊಡೋಕೆ ಆಗಲ್ಲ ಅಂದುಕೊಂಡು ಎಚ್‌ಎಲ್‌ಎ ಮಾಡಿಸಿಯೇ ಇರಲಿಲ್ಲ. ನೀವು ಹೇಳದಿದ್ದರೆ ಇನ್ನೂ ಎಷ್ಟು ವರ್ಷ ಹಾಗೇ ಇರುತ್ತಿದ್ದೆನೋ.

ತುಂಗಾತೀರ

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳೋಕೆ ಬಂದೆ. ಇಬ್ಬರು ಮಕ್ಕಳದೂ, ನಮ್ಮಿಬ್ಬರದೂ ಎಚ್‌ಎಲ್‌ಎ ಸ್ಯಾಂಪಲ್ ಸೋಮವಾರ ಕೊಟ್ಟೆವು. ಮಗ ಸೂಜಿಗೆ ಅಳಲಿಲ್ಲ. ಮಗಳು ಅವನ ಕೈ ಹಿಡಿದುಕೊಂಡು "ಒಂದು ಎರಡು ಮೂರು ಎಣಿಸು, ಆಗಿಬಿಡುತ್ತೆ" ಅಂತ ಹೇಳಿಕೊಟ್ಟಳು. ಅವಳಿಗೆ ಅಭ್ಯಾಸ.

ಇನ್ನೊಂದು. ನನ್ನ ತಮ್ಮನಿಗೆ ಹೆಣ್ಣು ಗೊತ್ತಾಗಿದೆ. ಅವನಿಗೆ ಎಚ್‌ಬಿಎ2 ಮಾಡಿಸಿದೆ, 5.2 ಬಂತು, ಅವನೂ ಕ್ಯಾರಿಯರ್. ಹುಡುಗಿಯ ಮನೆಯವರಿಗೆ ಹೇಳೋದು ಹೇಗೆ ಅಂತ ಅಮ್ಮ ಹೆದರಿದ್ದರು. ನಾನೇ ಹೋಗಿ, ಕಾಗದದ ಮೇಲೆ ಸಾಲು ಬರೆದು ತೋರಿಸಿದೆ. ಹುಡುಗಿ ಮಾರನೇ ದಿನವೇ ಪರೀಕ್ಷೆ ಮಾಡಿಸಿಕೊಂಡಳು. 2.7.

ಲ್ಯಾಬ್‌ಬೆಂಚು

ಅಕ್ಕ, ಎಷ್ಟು ಒಳ್ಳೆಯ ಸುದ್ದಿ! ಒಂದೇ ಮಾತು. ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ2 ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಹುಡುಗಿಯ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಎಂಸಿವಿ (ಕೆಂಪು ಕೋಶದ ಗಾತ್ರ) ಎರಡೂ ನೋಡಿದ್ದಾರಾ ಅಂತ ಕೇಳಿ.

ತುಂಗಾತೀರ

ಕೇಳಿದೆ. ಎಂಸಿವಿ 86, ಫೆರಿಟಿನ್ ಕೂಡ ಚೆನ್ನಾಗಿದೆಯಂತೆ, ಡಾಕ್ಟರೇ ನೋಡಿ ಸರಿ ಅಂದರು. ನಿಶ್ಚಿತಾರ್ಥ ಮುಂದಿನ ತಿಂಗಳು.

ನಿಮ್ಮ ಫೋಟೋ ಬಂತು. ಇವತ್ತು ರಕ್ತ ಹತ್ತುತ್ತಿರುವಾಗ ಮಗಳಿಗೆ ತೋರಿಸಿದೆ. ಫೋನ್ ಹತ್ತಿರ ಹಿಡಿದು, ದೊಡ್ಡದು ಮಾಡಿ ನೋಡಿದಳು. "ಇದರಲ್ಲಿ ಎದ್ದಿದೆಯಾ?" ಅಂದಳು. ಎದ್ದಿದೆ ಅಂದೆ. ಪಕ್ಕದ ಹಾಸಿಗೆಯ ಹುಡುಗನಿಗೂ ತೋರಿಸಬೇಕು ಅಂತ ಫೋನ್ ಕಿತ್ತುಕೊಂಡಳು, ಇನ್ನೂ ವಾಪಸ್ ಕೊಟ್ಟಿಲ್ಲ. ಇದನ್ನ ಯಜಮಾನರ ಫೋನಿನಲ್ಲಿ ಬರೆಯುತ್ತಿದ್ದೇನೆ. ಎಚ್‌ಎಲ್‌ಎ ರಿಪೋರ್ಟ್ ಮುಂದಿನ ಗುರುವಾರ.